ತಪ್ಪು ಸೆಟ್ಟಿನದಲ್ಲ

ಜೂನ್ 9

ಅಪ್ಪಾ,

ಇದು ನಿಮ್ಮ ರೇಡಿಯೋ ರಿಪೇರಿ ಅಂಗಡಿಯ ಗಿರಾಕಿಯೊಬ್ಬಳ ಕಾಗದ ಎಂದುಕೊಂಡೇ ಓದಿ. ಮಗಳ ಫೋನು ಎತ್ತುವುದಿಲ್ಲ ಎಂದು ಹಟ ಹಿಡಿದಿದ್ದೀರಿ. ಗಿರಾಕಿಯ ಚೀಟಿಯನ್ನಾದರೂ ಓದಲೇಬೇಕಲ್ಲ.

ನಿನ್ನೆಗೆ ಹನ್ನೊಂದು ಸಲ ಆಯಿತು ಅಂಗಡಿಗೆ ಫೋನು ಮಾಡಿ. ಕೊನೆಗೆ ಎತ್ತಿದವರು ಪಕ್ಕದಂಗಡಿಯ ಟೈಲರ್ ಮಾವ. "ನಿಮ್ಮಪ್ಪ ಇಲ್ಲೇ ಕೂತಿದಾನಮ್ಮ. ಏನಿದ್ರೂ ಬರೆದು ಕಳಿಸ್ಬೇಕಂತೆ. ದೂರು ಚೀಟಿ ಇಲ್ದೆ ಯಾವ ಸೆಟ್ಟೂ ಮುಟ್ಟಲ್ವಂತೆ" ಅಂದರು. ಹಿಂದೆ ನೀವು ಸ್ಕ್ರೂ ಬಿಚ್ಚಿ ತಟ್ಟೆಗೆ ಹಾಕುವ ಸದ್ದು ನನಗೆ ಕೇಳಿಸುತ್ತಲೇ ಇತ್ತು. ಎರಡು ಮಾರು ದೂರದಲ್ಲಿ ಕೂತು ಮಗಳ ಜೊತೆ ಒಂದು ಮಾತಾಡದೆ ಇರಲು ನಿಮಗೆ ಹೇಗೆ ಮನಸ್ಸು ಬಂತು? ಹೋಗಲಿ ಬಿಡಿ. ಗಿರಾಕಿ ಜಗಳ ಆಡಬಾರದು. ನಿಮ್ಮ ಚೀಟಿಯ ಪ್ರಕಾರವೇ ಬರೆಯುತ್ತೇನೆ.

ಸೆಟ್ಟು: ತಂತಿಯಿಲ್ಲದ ಹೆಡ್‌ಫೋನು. ಮೇ ತಿಂಗಳಲ್ಲಿ ನೀವು ನಮ್ಮ ಮನೆಗೆ ಬಂದಿದ್ದಾಗ ನೀವೇ ಕಂಪ್ಯೂಟರಿಗೆ ಜೋಡಿಸಿ ಕೊಟ್ಟದ್ದು.

ವಯಸ್ಸು: ಒಂದು ತಿಂಗಳು.

ದೂರು: ಕಿವಿಗೆ ಹಾಕಿಕೊಂಡರೆ ಹಿಂದುಗಡೆ ಸುಯ್ ಅನ್ನುವ ಸದ್ದು.

ಯಾವಾಗ ಬರುತ್ತದೆ: ನೀವು ಹೋದಾಗಿನಿಂದ.

ಕಾರಣ: ಅಗ್ಗದ ಮಾಲು ಇರಬೇಕು.

ನನ್ನ ಕೆಲಸ ನಿಮಗೆ ಗೊತ್ತು. ಆದರೂ ಚೀಟಿಯಲ್ಲಿ ಎಲ್ಲ ಇರಲಿ. ಕಣ್ಣು ಕಾಣದವರಿಗಾಗಿ ಪುಸ್ತಕ ಓದಿಸಿ ಧ್ವನಿಮುದ್ರಣ ಮಾಡುವ ಸಂಸ್ಥೆ ಇದು. ಮುದ್ರಣವನ್ನು ನನ್ನ ಕಂಪ್ಯೂಟರಿಗೆ ಕಳಿಸುತ್ತಾರೆ. ನಾನು ಮನೆಯಲ್ಲೇ ಕೂತು, ಪುಸ್ತಕ ಮುಂದಿಟ್ಟುಕೊಂಡು, ತಪ್ಪು ಓದಿದ ಕಡೆ, ಕೆಮ್ಮಿದ ಕಡೆ, ಹಿಂದೆ ಬೇರೆ ಸದ್ದು ಸೇರಿಕೊಂಡ ಕಡೆ ಗುರುತು ಹಾಕಬೇಕು. ಮೂರು ತಿಂಗಳು ನೋಡಿ, ಆಗಸ್ಟ್ ಕೊನೆಗೆ ಖಾಯಂ ಮಾಡುತ್ತಾರೆ, ಇಲ್ಲವೇ ಮನೆಗೆ ಕಳಿಸುತ್ತಾರೆ. ಇರುವುದೇ ಮನೆಯಲ್ಲಿ, ಇನ್ನೆಲ್ಲಿಗೆ ಕಳಿಸುತ್ತಾರೆ ಎಂದು ನಗಬೇಡಿ. ನಲವತ್ತೊಂದನೇ ವಯಸ್ಸಿಗೆ ಸಿಕ್ಕಿದ ಮೊದಲ ಕೆಲಸ ಅಪ್ಪಾ. ಈಗ ಯಾವ ಸದ್ದು ಪುಸ್ತಕದ್ದು, ಯಾವ ಸದ್ದು ಹೆಡ್‌ಫೋನಿನದು ಎಂದೇ ತಿಳಿಯದೆ ತಲೆ ಕೆಟ್ಟುಹೋಗಿದೆ.

ಹಾಲು ಸೀದುಹೋದ ಪಾತ್ರೆ ಇನ್ನೂ ಬೆಳ್ಳಗಾಗಿಲ್ಲ. ದಿನಾ ನೆನೆಹಾಕಿ ತಿಕ್ಕುತ್ತಿದ್ದೇನೆ.

ನಿಮ್ಮ
ಪೀಪಿ


ಜೂನ್ 16

ಪೀಪಿ,

ಚೀಟಿ ಬಂತು. ಬರೆದ ರೀತಿ ಸರಿಯಿಲ್ಲ. 'ಕಾರಣ' ಎಂಬ ಸಾಲು ನನ್ನ ಚೀಟಿಯಲ್ಲಿ ಎಲ್ಲಿದೆ? ಅದನ್ನು ನೀನೇ ಸೇರಿಸಿದ್ದೀ. 'ಯಾವಾಗ ಬರುವುದಿಲ್ಲ' ಎಂಬ ಸಾಲನ್ನು ನುಂಗಿಬಿಟ್ಟಿದ್ದೀ. ಮೂವತ್ತೆಂಟು ವರ್ಷದಿಂದ ಈ ಅಂಗಡಿಗೆ ಬಂದವರೆಲ್ಲ ಮೊದಲು ಕಾರಣವನ್ನೇ ಹೇಳಿದ್ದಾರೆ. ಎಲ್ಲರೂ ತಪ್ಪೇ ಹೇಳಿದ್ದಾರೆ. ಸೆಟ್ಟು ಏನು ಮಾಡುತ್ತದೆ, ಯಾವಾಗ ಮಾಡುತ್ತದೆ, ಯಾವಾಗ ಸುಮ್ಮನಿರುತ್ತದೆ, ಇಷ್ಟು ಬರೆದುಕೊಟ್ಟರೆ ಸಾಕು. ಕಾರಣ ಹುಡುಕುವುದು ನನ್ನ ಹೊಟ್ಟೆಪಾಡು, ಅದಕ್ಕೂ ಕೈ ಹಾಕಬೇಡ.

ಮೊದಲು ಹೆಡ್‌ಫೋನನ್ನು ಪೂರ್ತಿ ಚಾರ್ಜ್ ಮಾಡು. ಅರೆಹೊಟ್ಟೆಯಲ್ಲಿದ್ದರೆ ಅದೂ ಗೊಣಗುತ್ತದೆ. ಕಂಪ್ಯೂಟರಿಗೂ ನಿನಗೂ ನಡುವೆ ಕಬ್ಬಿಣದ ಬೀರು ಅಡ್ಡ ಇರಬಾರದು. ಇಂಟರ್ನೆಟ್ ಪೆಟ್ಟಿಗೆ ಮೇಜಿನ ಮೇಲೇ ಇದೆಯಲ್ಲ, ಅದನ್ನು ಕೋಣೆಯ ಆ ಮೂಲೆಗೆ ಸರಿಸು. ಎರಡೂ ಗಾಳಿಯಲ್ಲೇ ಮಾತಾಡುವ ಜಾತಿ, ಒಂದರ ಮಾತಿಗೆ ಇನ್ನೊಂದು ಬಾಯಿ ಹಾಕುತ್ತದೆ. ಆಮೇಲೆ ಕಂಪ್ಯೂಟರಿನಿಂದ ಹೆಡ್‌ಫೋನಿನ ಹೆಸರನ್ನು ಅಳಿಸಿಹಾಕಿ ಹೊಸದಾಗಿ ಜೋಡಿಸು. ಧ್ವನಿಯ ಪಟ್ಟಿಯಲ್ಲಿ ಅದು ಎರಡು ಹೆಸರಿನಲ್ಲಿ ಕಾಣುತ್ತದೆ. ಒಂದು ಬರೀ ಕೇಳುವುದಕ್ಕೆ. ಇನ್ನೊಂದು ಮಾತಾಡುವುದಕ್ಕೂ ಸೇರಿ, ಅದನ್ನು ಆರಿಸಿದರೆ ಸದ್ದು ಡಬ್ಬದೊಳಗಿಂದ ಬಂದಂತಿರುತ್ತದೆ. ಮೊದಲನೆಯದನ್ನೇ ಆರಿಸು.

ಅಂಗಡಿಯ ಫೋನಿನ ಲೈನು ಸರಿಯಿಲ್ಲ. ಮೊಬೈಲು ತಗೊಳ್ಳಿ ಎನ್ನಬೇಡ, ಅದರ ಇರುವೆಯಂಥ ಅಕ್ಷರ ನನ್ನ ಕಣ್ಣಿಗೆ ಆಗುವುದಿಲ್ಲ. ಆ ಪಾತ್ರೆಯನ್ನು ಬಿಸಾಕು.

ಅಪ್ಪ


ಜೂನ್ 24

ಅಪ್ಪಾ,

ಬೀದಿಯವರ ಫೋನೆಲ್ಲ ರಿಪೇರಿ ಮಾಡುವವರ ಲೈನೇ ಸರಿಯಿಲ್ಲವಂತೆ. ನಂಬಲು ನಾನೇನು ಹೊಸ ಗಿರಾಕಿಯೇ? ಕೋಪ ಇದ್ದರೆ ಕೋಪ ಎಂದೇ ಬರೆಯಿರಿ.

ನೀವು ಹೇಳಿದ್ದೆಲ್ಲ ಮಾಡಿದೆ. ಚಾರ್ಜ್ ಮಾಡಿದೆ. ಇಂಟರ್ನೆಟ್ ಪೆಟ್ಟಿಗೆಯನ್ನು ಮೂಲೆಗೆ ಸಾಗಹಾಕಿದೆ. ಹೆಸರು ಅಳಿಸಿ ಮತ್ತೆ ಬರೆದೆ, ಕೇಳುವ ಹೆಸರನ್ನೇ ಆರಿಸಿದೆ. ಇವರು ಬಸ್ಸಿನ ಡ್ಯೂಟಿ ಮುಗಿಸಿ ಮಧ್ಯಾಹ್ನ ಬಂದವರೇ ಬೀರುವನ್ನೂ ಎಳೆದುಕೊಟ್ಟರು. "ಸ್ಟೇರಿಂಗ್ ಹಿಡಿದು ಹಿಡಿದು ಬೆನ್ನು ಮೊದ್ಲೇ ಹೋಗಿದೆ, ಉಳಿದಿದ್ದು ನಿಮ್ಮಪ್ಪನ ಕಾಗದದಲ್ಲಿ ಹೋಯ್ತು" ಎಂದು ಗೊಣಗುತ್ತಾ ಎಳೆದರು. ಸುಯ್ ಅನ್ನುವುದು ಕೂದಲೆಳೆಯಷ್ಟೂ ಕಡಿಮೆಯಾಗಿಲ್ಲ.

ಈ ನಡುವೆ ಒಂದು ಎಡವಟ್ಟಾಯಿತು. ನಮ್ಮಲ್ಲಿ ಒಬ್ಬ ಮೇಷ್ಟ್ರು ಓದುತ್ತಾರೆ. ನಿವೃತ್ತರು, ನಿಮ್ಮದೇ ವಯಸ್ಸು. ಯಾರೂ ಕೇಳದಿದ್ದರೂ ಪುಕ್ಕಟೆ ಬಂದು ಓದುತ್ತಾರೆ. ಅವರ ಒಂದು ಅಧ್ಯಾಯದಲ್ಲಿ ಹದಿನಾಲ್ಕು ಕಡೆ 'ಹಿಂದೆ ಸದ್ದಿದೆ' ಎಂದು ಗುರುತು ಹಾಕಿದೆ. ಪಾಪ, ಅವರು ಇಡೀ ಅಧ್ಯಾಯವನ್ನು ಇನ್ನೊಮ್ಮೆ ಓದಿದರು. ಆಮೇಲೆ ಮೇಲ್ವಿಚಾರಕಿ ಎರಡನ್ನೂ ಕೇಳಿ ನನಗೆ ಫೋನು ಮಾಡಿದರು. "ಮೊದಲನೇದ್ರಲ್ಲಿ ಒಂದು ನೊಣದ ಸದ್ದೂ ಇಲ್ವಲ್ರೀ. ನಿಮಗೆಲ್ಲಿ ಕೇಳಿಸ್ತು?" ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಎಪ್ಪತ್ತು ದಾಟಿದವರ ಗಂಟಲನ್ನು ನನ್ನ ಹೆಡ್‌ಫೋನಿನ ತಪ್ಪಿಗೆ ಒಣಗಿಸಿದೆನಲ್ಲ.

ಒಂದು ಹೆದರಿಕೆ ಇದೆ, ನಿಮಗಲ್ಲದೆ ಯಾರಿಗೂ ಹೇಳಿಲ್ಲ. ಸದ್ದು ಹೆಡ್‌ಫೋನಿನಲ್ಲಿಲ್ಲದೆ ನನ್ನ ಕಿವಿಯಲ್ಲೇ ಇದ್ದರೆ?

ಪೀಪಿ


ಜುಲೈ 2

ಪೀಪಿ,

ನಿನ್ನ ಕಿವಿ ಸರಿಯಾಗಿದೆ. ಬೇಕಾದರೆ ಅಂಗಡಿಯ ಮೊಹರು ಒತ್ತಿ ಬರೆದುಕೊಡುತ್ತೇನೆ. ಐದು ವರ್ಷದವಳಿದ್ದಾಗ ನಾನು ರೇಡಿಯೋ ಮುಳ್ಳು ತಿರುಗಿಸುತ್ತಿದ್ದರೆ, "ಇನ್ನೂ ಸ್ವಲ್ಪ ಈ ಕಡೆ ಅಪ್ಪಾ, ಇನ್ನೂ ಗೊಗ್ಗರು" ಎಂದು ಹೇಳಿಕೊಡುತ್ತಿದ್ದವಳು ನೀನು. ಇಂಥ ಯೋಚನೆಯನ್ನು ಇನ್ನೊಮ್ಮೆ ಮಾಡಬೇಡ. ಅಂಥ ಕಿವಿ ಬೇರೆಯವರದ್ದು ಇರುತ್ತದೆ, ನಿನ್ನದಲ್ಲ.

ಇನ್ನು ಎರಡೇ ಪರೀಕ್ಷೆ. ಇದೇ ಹೆಡ್‌ಫೋನನ್ನು ಅಳಿಯಂದಿರ ಮೊಬೈಲಿಗೆ ಜೋಡಿಸಿ ಕೇಳು. ಆಮೇಲೆ ಹೆಡ್‌ಫೋನನ್ನು ಆಚೆ ಇಟ್ಟು, ತಂತಿ ಇರುವ ಯಾವುದಾದರೂ ಹಳೆಯ ಇಯರ್‌ಫೋನನ್ನು ಕಂಪ್ಯೂಟರಿಗೆ ಚುಚ್ಚಿ ಕೇಳು. ಎಲ್ಲಿ ಸದ್ದಿದೆ, ಎಲ್ಲಿಲ್ಲ, ಇಷ್ಟೇ ಬರೆ. ಅಭಿಪ್ರಾಯ ಬೇಡ.

ಮೇಷ್ಟ್ರನ್ನು ಕ್ಷಮೆ ಕೇಳು. ಕೇಳಿದರೆ ಯಾರ ಗಂಟೂ ಹೋಗುವುದಿಲ್ಲ.

ಅಪ್ಪ


ಜುಲೈ 10

ಅಪ್ಪಾ,

ಮೊಬೈಲಿನಲ್ಲಿ ಸದ್ದಿಲ್ಲ, ಸ್ವಚ್ಛವಾಗಿದೆ. ತಂತಿಯ ಇಯರ್‌ಫೋನು ಕಂಪ್ಯೂಟರಿಗೆ ಚುಚ್ಚಿದರೆ ಅದರಲ್ಲೂ ಅದೇ ಸುಯ್. ಅಂದರೆ ಹೆಡ್‌ಫೋನು ಸಾಚಾ, ಕಳ್ಳ ಕಂಪ್ಯೂಟರಿನೊಳಗೇ ಇದ್ದಾನೆ. ಇದು ಅಭಿಪ್ರಾಯ ಎಂದು ಬೈಯಬೇಡಿ, ನನ್ನಲ್ಲೂ ಸ್ವಲ್ಪ ನಿಮ್ಮ ರಕ್ತ ಇದೆ.

ಮುದ್ರಣ ನಿಲ್ಲಿಸಿ ಬರೀ ಸದ್ದನ್ನೇ ಗಮನವಿಟ್ಟು ಕೇಳಿದೆ. ಅದು ಯಾವಾಗಲೂ ಒಂದೇ ಸಮನಾಗಿಲ್ಲ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಗುಂಯ್ ಎಂದು ಏರುತ್ತದೆ, ಸ್ವಲ್ಪ ಹೊತ್ತು ಹಾಗೇ ಇದ್ದು, ಒಮ್ಮೆ ಗಡಗಡ ನಡುಗಿ ಇಳಿಯುತ್ತದೆ. ಅದರ ಕೆಳಗೆ ತೀರ ಸಣ್ಣದಾಗಿ ಟಕ್, ಟಕ್ ಅನ್ನುವ ಇನ್ನೊಂದು ಸದ್ದು. ತಗಡಿನ ಮೇಲೆ ಏನೋ ಬಿದ್ದ ಹಾಗೆ. ನಿಮ್ಮ ಅನುಭವದಲ್ಲಿ ಇಂಥದ್ದು ಯಾವುದಾದರೂ ಸೆಟ್ಟಿಗೆ ಬಂದಿತ್ತೇ?

ಮೇಷ್ಟ್ರಿಗೆ ಫೋನು ಮಾಡಿ ತಪ್ಪೊಪ್ಪಿಕೊಂಡೆ. "ಅಯ್ಯೋ ಬಿಡಮ್ಮ, ಎರಡನೇ ಸಲ ಓದಿದ್ದೇ ಚೆನ್ನಾಗಿದೆ. ಮೊದಲನೇ ಸಲ ಕನ್ನಡಕ ಮರೆತು ಹೋಗಿದ್ದೆ" ಅಂದರು. ನನ್ನ ಸಮಾಧಾನಕ್ಕೆ ಹೇಳಿದ ಸುಳ್ಳು ಎಂದು ಗೊತ್ತಾಯಿತು. ಫೋನಿಟ್ಟ ಮೇಲೆ ಅಳು ಬಂತು. ಗೊತ್ತಿಲ್ಲದ ಮೇಷ್ಟ್ರು ನನ್ನ ಫೋನು ಎತ್ತಿದರಲ್ಲ ಅಂತಲೂ ಅತ್ತೆ.

ಬೇಗ ಬರೆಯಿರಿ.

ಪೀಪಿ


ಜುಲೈ 28

ಅಪ್ಪಾ,

ಹದಿನೆಂಟು ದಿನ ಆಯಿತು, ನಿಮ್ಮಿಂದ ಒಂದು ಸಾಲಿಲ್ಲ. ಟೈಲರ್ ಮಾವ ಫೋನಿನಲ್ಲಿ "ಚೆನ್ನಾಗಿದಾನೆ, ಊಟ ಮಾಡ್ತಾನೆ, ಯಾಕೋ ಕಾಗದ ಬರೆದು ಬರೆದು ಹರೀತಿದಾನೆ" ಅಂದರು.

ಮೇಲ್ವಿಚಾರಕಿ ನೇರವಾಗಿ ಹೇಳಿಬಿಟ್ಟರು. ಆಗಸ್ಟ್ ಹದಿನೈದರೊಳಗೆ ಒಂದು ಇಡೀ ಪುಸ್ತಕವನ್ನು ತಪ್ಪಿಲ್ಲದೆ ಕೇಳಿ ಕೊಡಬೇಕು. ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತಾರೆ. ಅವರದೂ ತಪ್ಪಿಲ್ಲ. ಇವರು ಹೊಸ ಹೆಡ್‌ಫೋನು ತರುತ್ತೇನೆ ಎಂದು ಕುಣಿಯುತ್ತಿದ್ದಾರೆ. ಹೆಡ್‌ಫೋನಿನದು ತಪ್ಪಲ್ಲ ಎಂದರೆ ಯಾರು ಕೇಳುತ್ತಾರೆ?

ಇದುವರೆಗೆ ಚೀಟಿಯ ನೆಪದಲ್ಲಿ ಸುತ್ತಿ ಬಳಸಿ ಬರೆದೆ. ಇವತ್ತು ನೇರವಾಗಿ ಬರೆಯುತ್ತೇನೆ. ಆ ದಿನ ಹಾಲು ಉಕ್ಕುವ ಹೊತ್ತಾಯಿತು, ಸ್ಟವ್ ಆರಿಸಿ ಎಂದು ಕೋಣೆಯಿಂದ ಮೂರು ಸಲ ಕೂಗಿದೆ. ನೀವು ಅಡುಗೆಮನೆ ಬಾಗಿಲಲ್ಲೇ ಆ ಕಡೆ ತಿರುಗಿ ಕೂತು ಬಟಾಣಿ ಬಿಡಿಸುತ್ತಿದ್ದಿರಿ. ಏಳಲಿಲ್ಲ. ಹಾಲು ಸೀದು ಮನೆಯೆಲ್ಲ ಹೊಗೆಯಾಯಿತು. ಆಗ ನಾನು ಅಂದ ಮಾತು: "ಎಷ್ಟು ಸಲ ಬಾಯಿ ಬಡ್ಕೊಳ್ಳೋದು? ಕಿವಿ ಇಲ್ವಾ ನಿಮಗೆ?" ನೀವು ಎದ್ದು ಪಾತ್ರೆ ಇಳಿಸಿದಿರಿ. ಮರುದಿನ ಬೆಳಗಿನ ಮೊದಲ ಬಸ್ಸಿಗೆ ಹೊರಟುಹೋದಿರಿ.

ಹೆತ್ತ ಅಪ್ಪನಿಗೆ ಅನ್ನುವ ಮಾತಲ್ಲ ಅದು. ನಾಲಿಗೆ ಸುಟ್ಟುಹೋಗಬೇಕಿತ್ತು ನನ್ನದು. ಕೆಲಸ ಹೋದರೆ ಹೋಗಲಿ ಅಪ್ಪಾ, ನೀವು ಬೈಯಿರಿ, ಏನಾದರೂ ಅನ್ನಿ, ಆದರೆ ಈ ಮೌನ ಮಾತ್ರ ಬೇಡ.

ನಿಮ್ಮ
ಪೀಪಿ


ಜುಲೈ 31

ಪೀಪಿ,

ಹೊಸ ಹೆಡ್‌ಫೋನು ಕೊಳ್ಳಬೇಡಿ. ತಪ್ಪು ಸೆಟ್ಟಿನದಲ್ಲ. ಕಂಪ್ಯೂಟರಿನದೂ ಅಲ್ಲ.

ನಾಲಿಗೆ ಸುಡುವ ಮಾತೆಲ್ಲ ಆಡಬೇಡ. ನಿನ್ನ ಮೇಲೆ ನನಗೆ ಕೋಪ ಇಲ್ಲ, ಇರಲೂ ಇಲ್ಲ.

ಇನ್ನೊಂದು ಕಾಗದ ಬರೆಯುತ್ತಿದ್ದೇನೆ. ಸರಿಯಾಗಿ ಬರುತ್ತಿಲ್ಲ. ನಾಲ್ಕು ದಿನ ಕೊಡು.

ಅಪ್ಪ


ಆಗಸ್ಟ್ 5

ಅಪ್ಪಾ,

ನಿಮ್ಮ ಕಾಗದಕ್ಕೆ ಕಾಯುತ್ತಿದ್ದೆ. ಅದು ಬರುವ ಮೊದಲೇ ಸದ್ದು ಸಿಕ್ಕಿಬಿತ್ತು. ಹಿಡಿದುಕೊಟ್ಟವರು ನಿಮ್ಮ ಅಳಿಯ.

ಇವತ್ತು ಮಧ್ಯಾಹ್ನ ಕೋಣೆಯ ಬಾಗಿಲು ಹಾಕಿಕೊಂಡು ಕೆಲಸ ಮಾಡುತ್ತಿದ್ದೆ. ಒಂದು ಅಧ್ಯಾಯ ಮುಗಿದು ಮುದ್ರಣ ನಿಂತಿತ್ತು, ಹೆಡ್‌ಫೋನು ತಲೆಯ ಮೇಲೇ ಇತ್ತು. ಇದ್ದಕ್ಕಿದ್ದಂತೆ ಕಿವಿಯೊಳಗೆ ಟಣ್ ಎಂದು ಡಬ್ಬದ ಮುಚ್ಚಳ ತೆಗೆದ ಸದ್ದು. ಹಿಂದೆಯೇ ಚಮಚ. ಆಮೇಲೆ ಇವರ ಕೆಮ್ಮು! ಹೆಡ್‌ಫೋನು ತೆಗೆದೆ, ಏನೂ ಇಲ್ಲ. ಹಾಕಿದೆ, ಕರುಂ ಕರುಂ. ಡಾಕ್ಟರು ಸಕ್ಕರೆ ಮುಟ್ಟಬಾರದು ಎಂದು ಹೇಳಿ ಎರಡು ವರ್ಷವಾಗಿದೆ, ಇವರು ಮುಟ್ಟಿಲ್ಲ ಎಂದು ನಾನೂ ನಂಬಿದ್ದೆ.

"ಡಬ್ಬ ಕೆಳಗಿಡ್ರೀ!" ಎಂದು ಕೂತಲ್ಲಿಂದಲೇ ಕೂಗಿದೆ.

ಮೀಸೆಗೆ ಸಕ್ಕರೆ ಅಂಟಿಸಿಕೊಂಡೇ ಓಡಿಬಂದರು. "ನಿಂಗೇನು ಗೋಡೆ ಆಚೆ ಕಾಣುತ್ತಾ?"

"ಕಾಣಲ್ಲ, ಕೇಳುತ್ತೆ. ಹೇಗೆ ಅಂತ ಹುಡುಕಿ."

ಹುಡುಕಿದೆವು. ಕಂಪ್ಯೂಟರಿನ ಹಿಂದಿನಿಂದ ಒಂದು ಸಣ್ಣ ಕಪ್ಪು ತಂತಿ ಹೊರಟಿತ್ತು. ಮೇಜಿನ ಹಿಂದೆ ಹಾಯ್ದು, ಗೋಡೆಯ ಮೇಲಿನ ಗಾಳಿಕಿಂಡಿಯಲ್ಲಿ ತೂರಿ, ಅಡುಗೆಮನೆಯ ಶೆಲ್ಫಿನಲ್ಲಿ ಸಕ್ಕರೆ ಡಬ್ಬದ ಹಿಂದೆ ಮುಗಿದಿತ್ತು. ತುದಿಯಲ್ಲಿ ಹಳೇ ಟೇಪ್‌ರೆಕಾರ್ಡರಿನ ಮೈಕು, ಸುತ್ತ ಸ್ಪಂಜು, ಅದರ ಮೇಲೆ ನೀಲಿ ದಾರದ ಗಂಟು. ಟೈಲರ್ ಮಾವನ ಅಂಗಡಿಯ ನೀಲಿ ದಾರ. ಈ ಗಂಟು ಹಾಕುವವರು ನನಗೆ ಗೊತ್ತಿರುವಂತೆ ಒಬ್ಬರೇ.

ಗುಂಯ್ ಎಂದು ಏರುತ್ತಿದ್ದದ್ದು ಫ್ರಿಜ್ಜು. ಟಕ್ ಟಕ್ ಎನ್ನುತ್ತಿದ್ದದ್ದು ನಲ್ಲಿಯ ನೀರು, ನಾನು ನೆನೆಹಾಕಿಟ್ಟ ಹಾಲಿನ ಪಾತ್ರೆಗೆ ತೊಟ್ಟಿಕ್ಕುತ್ತಿದ್ದದ್ದು. ಎರಡು ತಿಂಗಳು ನಾನು ಕೇಳಿದ್ದು ನಮ್ಮದೇ ಅಡುಗೆಮನೆಯನ್ನು. ಕಂಪ್ಯೂಟರಿನ ಧ್ವನಿಯ ಪುಟ ತೆಗೆದು ನೋಡಿದೆ. ಮೈಕಿನ ಸದ್ದು ಹೆಡ್‌ಫೋನಿನಲ್ಲೇ ಕೇಳಿಸಲಿ ಎನ್ನುವ ಚೌಕದಲ್ಲಿ ಗುರುತು ಹಾಕಿತ್ತು, ಸದ್ದನ್ನು ತುದಿಯವರೆಗೂ ಏರಿಸಿತ್ತು.

ಬೈಯಲು ಬರೆಯುತ್ತಿಲ್ಲ ಅಪ್ಪಾ. ತಂತಿ ಹಿಡಿದುಕೊಂಡು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಮೇ ತಿಂಗಳೆಲ್ಲ ಕಣ್ಣ ಮುಂದೆ ಬಂತು. ನಾನು ಅಡುಗೆ ಮಾಡುವಾಗ ನೀವು ಕೋಣೆಯಲ್ಲಿ ಹೆಡ್‌ಫೋನು ಹಾಕಿಕೊಂಡು ಒಬ್ಬರೇ ನಗುತ್ತಿದ್ದಿರಿ. ಯಾವುದೋ ಹಾಸ್ಯ ಕೇಳುತ್ತಿದ್ದೀರಿ ಎಂದುಕೊಂಡಿದ್ದೆ. ಆ ದಿನಗಳಲ್ಲಿ ನಾನು ಏನು ಹೇಳಿದರೂ ಕೋಣೆಯಿಂದಲೇ ತಟ್ಟನೆ ಉತ್ತರ ಕೊಡುತ್ತಿದ್ದಿರಿ. ಹಾಲು ಉಕ್ಕಿದ ದಿನ ಮಾತ್ರ ಹೆಡ್‌ಫೋನು ನನ್ನ ತಲೆಯ ಮೇಲಿತ್ತು.

ಅಪ್ಪಾ, ನಿಮಗೆ ಕೇಳಿಸುತ್ತಿರಲಿಲ್ಲವಾ?

ಪೀಪಿ


ಆಗಸ್ಟ್ 5

ಪೀಪಿ,

ಸೆಟ್ಟು: ಎರಡು ಕಿವಿ.

ವಯಸ್ಸು: ಎಪ್ಪತ್ತೆರಡು ವರ್ಷ.

ದೂರು: ಬಲದ್ದು ನಿಂತುಹೋಗಿದೆ. ಎಡದ್ದರಲ್ಲಿ ಸದ್ದು ಬರುತ್ತದೆ, ಮಾತು ಬರುವುದಿಲ್ಲ.

ಯಾವಾಗ ಬರುತ್ತದೆ: ಯಾವಾಗಲೂ. ಫೋನಿನಲ್ಲಿ ತೀರ ಹೆಚ್ಚು.

ಯಾವಾಗ ಬರುವುದಿಲ್ಲ: ಮೇ ತಿಂಗಳಲ್ಲಿ ಏಳು ದಿನ ಬರಲಿಲ್ಲ. ಮಗಳ ಮನೆಯಲ್ಲಿ, ಹೆಡ್‌ಫೋನು ಹಾಕಿಕೊಂಡಿದ್ದಾಗ.

ನನ್ನ ಜೀವಮಾನದಲ್ಲಿ ನಾನು ತುಂಬಿದ ಮೊದಲ ದೂರು ಚೀಟಿ ಇದು. ಕಾರಣ ಬರೆದಿಲ್ಲ, ಗಮನಿಸು.

ನಿನ್ನ ಕಂಪ್ಯೂಟರಿಗೆ ಒಂದು ಮೈಕು ಸಿಕ್ಕಿಸಿ ಅಡುಗೆಮನೆಯ ಶೆಲ್ಫಿನಲ್ಲಿ ಇಟ್ಟವನು ನಾನು, ಸಕ್ಕರೆ ಡಬ್ಬದ ಹಿಂದೆ ನೋಡು. ಧ್ವನಿಯ ಪುಟದಲ್ಲಿ ಮೈಕಿನ ಹೆಸರಿನ ಒಳಗೆ ಹೋದರೆ ಒಂದು ಚೌಕದಲ್ಲಿ ಗುರುತು ಇರುತ್ತದೆ. ತೆಗೆದುಬಿಡು. ನಿನ್ನ ಸುಯ್ ಅಲ್ಲಿಗೆ ಮುಗಿಯುತ್ತದೆ. ನಿನಗೆ ಹೆಡ್‌ಫೋನು ಬೇಕಾದಾಗಲೆಲ್ಲ ನಾನೇ ಆ ಗುರುತು ತೆಗೆದು ಕೊಡುತ್ತಿದ್ದೆ. ಕೊನೆಯ ಸಂಜೆ ಮರೆತೆ. ಫ್ರಿಜ್ಜು ಗಡಗಡ ನಡುಗುವುದನ್ನು ನೀನು ಬರೆದ ದಿನವೇ ನನಗೆ ಗೊತ್ತಾಯಿತು. ಗೊತ್ತಾದ ಮೇಲೂ ಇಷ್ಟು ದಿನ ಸುಮ್ಮನಿದ್ದೆ. ನಿನ್ನ ಕೆಲಸಕ್ಕೆ ಕುತ್ತು ಬಂತೆಂದು ತಿಳಿದೂ ಸುಮ್ಮನಿದ್ದೆ. ಅದು ನನ್ನ ದೊಡ್ಡ ತಪ್ಪು. ನಾಚಿಕೆಯಾಗುತ್ತಿದೆ.

ನಿನ್ನಮ್ಮ ಇದ್ದಾಗ ಗಿರಾಕಿ ಹೇಳಿದ್ದನ್ನೆಲ್ಲ ಅವಳು ನನ್ನ ಎಡಗಿವಿಗೆ ಇನ್ನೊಮ್ಮೆ ಹೇಳುತ್ತಿದ್ದಳು. ಅವಳು ಹೋಗಿ ಆರು ವರ್ಷ. ಆಮೇಲೆ ಚೀಟಿಗಳೇ ನನ್ನ ಕಿವಿ. ಅಂಗಡಿಯ ಶಿಸ್ತು ಎಂದು ಊರೆಲ್ಲ ಹೊಗಳುತ್ತದೆ, ನಾನೂ ಮೀಸೆ ತಿರುವುತ್ತೇನೆ. ರಿಪೇರಿಯಾದ ಸೆಟ್ಟನ್ನು ಬಾಗಿಲ ಹತ್ತಿರ ಇಟ್ಟು ಹಾಡು ಹಾಕಿ ಟೈಲರನ ಕಡೆ ನೋಡುತ್ತೇನೆ. ಸದ್ದು ಚೆನ್ನಾಗಿದ್ದರೆ ಅವನು ಕತ್ತರಿ ಮೇಲೆತ್ತುತ್ತಾನೆ, ಗೊಗ್ಗರಿದ್ದರೆ ಕೆಳಗಿಡುತ್ತಾನೆ. ಹೀಗೆ ನಡೆದಿದೆ ನಮ್ಮ ವ್ಯಾಪಾರ.

ನಿನ್ನ ಮನೆಯಲ್ಲಿ ಮೊದಲ ದಿನ ನೀನು ಅಡುಗೆಮನೆಯಿಂದ ಏನೇನೋ ಮಾತಾಡುತ್ತಿದ್ದೆ, ನಾನು ಸುಮ್ಮನೆ ತಲೆಯಾಡಿಸಿದೆ. ಏನು ಹೇಳಿದೆಯೋ ಒಂದೂ ತಿಳಿಯಲಿಲ್ಲ. ಮರುದಿನ ಚೀಲದಲ್ಲಿದ್ದ ಮೈಕು ನೆನಪಾಯಿತು. ಗುರುತು ಹಾಕಿ ಹೆಡ್‌ಫೋನು ತಲೆಗೇರಿಸಿದೆ ನೋಡು, ಅಬ್ಬಬ್ಬಾ! ನೀನು ಬಾಣಲೆಗೆ ಬೈಯುತ್ತಿದ್ದೆ. "ನಿನಗೇನು ಬಂದಿರೋದು, ತಳ ಹಿಡೀತಿಯಲ್ಲೇ ದರಿದ್ರದ್ದೇ" ಎಂದು. ನಿನ್ನಮ್ಮನೂ ಹೀಗೇ ಪಾತ್ರೆಗಳ ಜೊತೆ ಜಗಳ ಆಡುತ್ತಿದ್ದಳು. ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳಿಸಿತು. ಏಳು ದಿನ ನನ್ನಷ್ಟು ಸುಖಿ ಯಾರೂ ಇರಲಿಲ್ಲ.

ಹಾಲು ಸೀದ ಸಂಜೆ, ನೀನೂ ಅಳಿಯಂದಿರೂ ಅಡುಗೆಮನೆಯಲ್ಲಿದ್ದಿರಿ. ನನ್ನ ಬಗ್ಗೆ ಏನು ಮಾತಾಡುತ್ತಿದ್ದೀರೋ ಎಂದು ಹೆಡ್‌ಫೋನು ಹಾಕಿಕೊಂಡೆ. ಕದ್ದು ಕೇಳಿದೆ. ನೀನು ಅಳುತ್ತಿದ್ದೆ. "ಅಪ್ಪಂಗೆ ಹಾಗನ್ನಬಾರ್ದಿತ್ತು ರೀ" ಎಂದು ನಾಲ್ಕು ಸಲ ಅಂದೆ. ಅಲ್ಲಿಗೇ ನನ್ನ ಮನಸ್ಸು ಹಗುರಾಗಿತ್ತು. ಆಮೇಲೆ ಅಳಿಯಂದಿರು, "ಸಾಕು ಬಿಡು, ವಯಸ್ಸಾಯ್ತು. ಆ ಅಂಗಡಿ ಮುಚ್ಚಿಸಿ ಇಲ್ಲೇ ಇಟ್ಕೊಳ್ಳೋಣ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಕಿವಿ ಕೇಳದ ರೇಡಿಯೋ ಮೆಕ್ಯಾನಿಕ್ ಎಂದು ಗೊತ್ತಾದರೆ ಬೀಗ ಖಂಡಿತ ಎಂದುಕೊಂಡು, ಗಡಿಬಿಡಿಯಲ್ಲಿ ಕಂಪ್ಯೂಟರನ್ನಷ್ಟೇ ಆರಿಸಿ, ಬೆಳಗ್ಗೆ ಓಡಿಬಂದೆ. ಕದ್ದು ಕೇಳಿದ್ದನ್ನು ಯಾವ ಬಾಯಲ್ಲಿ ಹೇಳಲಿ? ಹೇಳಿದರೆ ಕಿವಿಯ ಕಥೆ ಹೊರಬೀಳುತ್ತದೆ. ಅದಕ್ಕೇ ಇಷ್ಟೆಲ್ಲ.

ಫೋನಿನ ಲೈನು ಸರಿಯಾಗಿಯೇ ಇದೆ.

ಅಪ್ಪ


ಆಗಸ್ಟ್ 13

ಅಪ್ಪಾ,

ನಿಮ್ಮದೂ ನನ್ನದೂ ಕಾಗದ ದಾರಿಯಲ್ಲಿ ಎದುರುಬದುರಾಗಿವೆ. ನಿಮ್ಮ ಚೀಟಿಯನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಅಮ್ಮನ ಸಾಲು ಬಂದಾಗಲೆಲ್ಲ ನಿಲ್ಲಿಸಬೇಕಾಗುತ್ತದೆ.

ನನ್ನ ಸುದ್ದಿ ಮೊದಲು. ಗುರುತು ತೆಗೆದೆ, ಸುಯ್ ನಿಂತಿತು. ಇಡೀ ಪುಸ್ತಕ ಕೇಳಿ, ಗುರುತು ಹಾಕಿ, ನಿನ್ನೆಯೇ ಕೊಟ್ಟೆ. ನಾನು ಹಾಳುಮಾಡಿದ್ದ ಹಳೆಯ ಅಧ್ಯಾಯಗಳನ್ನೂ ಮತ್ತೆ ಕೇಳಿ ಸರಿಮಾಡಿದೆ. ಮೇಷ್ಟ್ರ ಮೊದಲ ಓದು ಎಷ್ಟು ಚೆನ್ನಾಗಿತ್ತು ಗೊತ್ತೇ, ಅವರನ್ನು ಸುಮ್ಮನೆ ಗೋಳುಹೊಯ್ದುಕೊಂಡೆ.

ಇನ್ನು ನಿಮ್ಮ ತಪ್ಪಿನ ವಿಷಯ. ಹೌದು, ನೀವು ಸುಮ್ಮನಿದ್ದದ್ದು ತಪ್ಪು. ನಾನು ಕೆಲಸ ಕಳೆದುಕೊಳ್ಳುತ್ತಿದ್ದೆ. ಅದಕ್ಕೆ ಎರಡು ದಿನ ನಿಮ್ಮ ಮೇಲೆ ನಿಜವಾಗಿಯೂ ಸಿಟ್ಟು ಮಾಡಿಕೊಂಡಿದ್ದೆ, ಸುಳ್ಳು ಹೇಳುವುದಿಲ್ಲ. ಮೂರನೇ ದಿನ ಬಾಣಲೆ ತಳ ಹಿಡಿಯಿತು. ಬೈಯಲು ಬಾಯಿ ತೆರೆದೆ. ಶೆಲ್ಫಿನ ಕಡೆ ನೋಡಿದೆ. ಸಿಟ್ಟು ಎಲ್ಲಿ ಹೋಯಿತೋ.

ಅಂಗಡಿಗೆ ಯಾರೂ ಬೀಗ ಹಾಕುವುದಿಲ್ಲ. ನೀವಾಗಿ ಸಾಕು ಎನ್ನುವವರೆಗೆ ಆ ಮಾತು ಈ ಮನೆಯಲ್ಲಿ ಬರುವುದಿಲ್ಲ. ಆದರೆ ಶನಿವಾರ ನಾವಿಬ್ಬರೂ ಬರುತ್ತೇವೆ, ನಿಮ್ಮನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇವೆ. ಇದರಲ್ಲಿ ಚರ್ಚೆ ಇಲ್ಲ. ನೀವು ತುಂಬಿದ ಚೀಟಿಯನ್ನೇ ಅವರ ಕೈಗೆ ಕೊಡೋಣ. ಅಷ್ಟು ಚೆನ್ನಾಗಿ ದೂರು ಬರೆದ ರೋಗಿಯನ್ನು ಅವರು ನೋಡಿರುವುದಿಲ್ಲ.

ಮೈಕನ್ನು ತೆಗೆದಿಲ್ಲ. ನೀವು ಬಂದಾಗ ಬೇಕಾಗುತ್ತದೆ.

ನಿಮ್ಮ
ಪೀಪಿ

ಮಾವನವರಿಗೆ ನಮಸ್ಕಾರ. ಅಂಗಡಿಯ ಬಗ್ಗೆ ಅಂದ ಮಾತನ್ನು ವಾಪಸ್ ತೆಗೆದುಕೊಂಡಿದ್ದೇನೆ. ಬದಲಿಗೆ ಒಂದೇ ಬೇಡಿಕೆ: ಆ ಮೈಕನ್ನು ಸಕ್ಕರೆ ಡಬ್ಬದಿಂದ ಸ್ವಲ್ಪ ದೂರ ಇಡಲು ನಿಮ್ಮ ಮಗಳಿಗೆ ಹೇಳಿ. ನಿಮ್ಮ ಅಳಿಯ.


ಸೆಪ್ಟೆಂಬರ್ 6

ಪೀಪಿ,

ನಿನ್ನ ಕೆಲಸ ಖಾಯಂ ಆದ ಸುದ್ದಿಯನ್ನು ಟೈಲರ್ ಹೇಳಿದ. ಫೋನಿನಲ್ಲಿ ನೀನು ಹೇಳಿದ್ದನ್ನು ಅವನು ಕೂಗಿ ಹೇಳಿದ್ದರಿಂದ ಈಗ ಇಡೀ ಬೀದಿಗೆ ಗೊತ್ತು.

ಕಿವಿಯ ಮೆಷಿನ್ನು ಬಂದು ಮೂರು ದಿನವಾಯಿತು. ಎಡಗಿವಿಗೆ ಹಾಕಿದ್ದಾರೆ. ಬಲದ್ದು ಬರುವುದಿಲ್ಲ, ನೀನೂ ಕೇಳಿದೆಯಲ್ಲ ಡಾಕ್ಟರು ಹೇಳಿದ್ದನ್ನು. ಒಂದು ಸಾಕು. ನನ್ನ ಅಂಗಡಿಯ ಫ್ಯಾನು ಇಷ್ಟು ಕಿರಿಚುತ್ತದೆ ಎಂದು ಈಗಲೇ ಗೊತ್ತಾದದ್ದು. ಇಷ್ಟು ವರ್ಷ ಗಿರಾಕಿಗಳು ಹೇಗೆ ಸಹಿಸಿಕೊಂಡರೋ, ಒಬ್ಬರೂ ಚೀಟಿ ಬರೆದುಕೊಡಲಿಲ್ಲ. ಟೈಲರ್ ಹೊಲಿಯುವಾಗ ಹಾಡುತ್ತಾನೆ. ಎಷ್ಟು ವರ್ಷದಿಂದ ಎಂದು ಕೇಳಿದೆ. "ಯಾವಾಗ್ಲೂ ಹಾಡ್ತೀನಪ್ಪ, ನೀನು ಒಂದಿನಾನೂ ಬೇಡ ಅಂದಿಲ್ವಲ್ಲ, ಇಷ್ಟ ಆಗಿದೆ ಅಂದ್ಕೊಂಡೆ" ಅಂದ. ಹಾಡು ಮಹಾ ಕೆಟ್ಟದಾಗಿದೆ. ಅವನಿಗೆ ಹೇಳಿಲ್ಲ, ನೀನೂ ಹೇಳಬೇಡ. ಆರು ವರ್ಷ ಕತ್ತರಿ ಎತ್ತಿದ ಕೈ ಅದು.

ಮೆಷಿನ್ನಿನಲ್ಲೂ ಹಿಂದೆ ಸಣ್ಣಗೆ ಸುಯ್ ಅನ್ನುತ್ತದೆ. ಡಾಕ್ಟರ ಹತ್ತಿರ ಕೆಲಸ ಮಾಡುವ ಹುಡುಗಿಗೆ ಚೀಟಿ ಬರೆದು ಕೊಟ್ಟಿದ್ದೇನೆ. ಅದೇನು ಮಾಡಿದರೂ ಸ್ವಲ್ಪ ಇದ್ದೇ ಇರುತ್ತದಂತೆ. ಇರಲಿ, ಅಭ್ಯಾಸವಾಗುತ್ತದೆ.

ಇದೇ ಹದಿನಾಲ್ಕನೇ ತಾರೀಕು ಸಂಜೆ ಆರಕ್ಕೆ ಅಂಗಡಿಗೆ ಫೋನು ಮಾಡು. ಟೈಲರನಿಗೆ ಮುಟ್ಟಕೂಡದು ಎಂದು ಹೇಳಿದ್ದೇನೆ. ನಾನೇ ಎತ್ತುತ್ತೇನೆ. ಫೋನಿನಲ್ಲಿ ಮಾತಾಡಿ ನನಗೆ ಅಭ್ಯಾಸ ತಪ್ಪಿಹೋಗಿದೆ, ಏನು ಮಾತಾಡಬೇಕು ಎಂದು ಈಗಿನಿಂದಲೇ ಗಾಬರಿ. ನಿನಗೂ ಏನೂ ತೋಚದಿದ್ದರೆ, ಫೋನನ್ನು ಅಡುಗೆಮನೆಯ ಶೆಲ್ಫಿನ ಮೇಲಿಟ್ಟು ಪಾತ್ರೆಗಳನ್ನು ಬೈಯುತ್ತಾ ಇರು. ಕೇಳಿಸಿಕೊಳ್ಳುತ್ತೇನೆ.

ಅಪ್ಪ